ಗೋಣಿಚೀಲದಲ್ಲಿ ಲಿನಕ್ಸ್

ನೀವು ದುಡ್ಡು ಕೊಟ್ಟು ಕೊಂಡ ಮೊಬೈಲು ನಿಮ್ಮದೇ ಎಂದು ಎದೆ ಮುಟ್ಟಿ ಹೇಳಬಲ್ಲಿರಾ? ಅವಸರದ ಉತ್ತರ ಬೇಡ. ಈ ಪ್ರಶ್ನೆಗೆ ಧೈರ್ಯವಾಗಿ "ಇಲ್ಲ" ಎಂದವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನಾನು ಕಂಡಂತೆ ಒಬ್ಬರೇ: ನನ್ನ ಹೆಂಡತಿಯ ಅಣ್ಣ. ಹೆಸರು ಬರೆಯುವುದಿಲ್ಲ, ಬರೆದರೆ ಬರುವ ಅಷ್ಟಮಿಗೆ ಆ ಮನೆಯ ಮೂಡೆ ಕಡುಬು ನನಗಿಲ್ಲ!

ಭಾವನಿಗೆ ಮೂಡುಬಿದಿರೆಯಲ್ಲಿ ಒಂದು ಡಿಟಿಪಿ ಕೇಂದ್ರ. ಊರಿನ ಕಂಪ್ಯೂಟರುಗಳೆಲ್ಲ ವಿಂಡೋಸಿನಲ್ಲಿ ನಡೆಯುವಾಗ ಅವರದು ಮಾತ್ರ ಲಿನಕ್ಸ್. ಯಾರೊಬ್ಬರ ಸೊತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ವ್ಯವಸ್ಥೆ. ತತ್ತ್ವವಾಗಿ ನಾನೂ ಅದರ ಪರ. ಕಾಲೇಜಿನ ಚರ್ಚಾಸ್ಪರ್ಧೆಯಿಂದ ಇಂದಿನವರೆಗೆ ನಾನು ವೇದಿಕೆಗಳಲ್ಲಿ ಪ್ರತಿಪಾದಿಸಿದ್ದೂ ಇದನ್ನೇ: ಕೊಂಡ ವಸ್ತುವಿನ ಬೀಗದ ಕೈ ಕೊಂಡವನ ಬಳಿಯೇ ಇರಬೇಕು. ಆದರೆ ನಾನು ಪ್ರತಿಪಾದಿಸಿ, ಮನೆಗೆ ಬಂದು ಊಟ ಮಾಡುತ್ತೇನೆ. ಭಾವ ಅದರಂತೆ ಬದುಕುತ್ತಾರೆ. ಪರಿಣಾಮವೇನು? ಲಿನಕ್ಸಿಗೆ ಕನ್ನಡ ಅಷ್ಟಕ್ಕಷ್ಟೇ. ಅವರು ಮುದ್ರಿಸಿದ ಮದುವೆ ಕಾಗದಗಳಲ್ಲಿ ಒತ್ತಕ್ಷರಗಳು ದೂರ ಸರಿದು ನಿಂತವು, ಕ್ರಮೇಣ ಗಿರಾಕಿಗಳೂ! ಈ ಮನುಷ್ಯನನ್ನು ತಿದ್ದುವುದಕ್ಕಿಂತ ಸಮಾಜವನ್ನು ತಿದ್ದುವುದು ಸುಲಭವೆಂದು ನನಗೆ ಒಮ್ಮೆ ಅನಿಸಿದ್ದುಂಟು. ಈಗ ಎರಡೂ ಆಗದೆಂದು ಖಚಿತವಾಗಿದೆ.

ನನ್ನ ಹೆಂಡತಿಯಲ್ಲದೆ ಭಾವನಿಗೆ ಇನ್ನೊಬ್ಬಳು ತಂಗಿ, ನಾರಾವಿಯಲ್ಲಿದ್ದಾಳೆ. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಮೊಬೈಲು ಬಂದಮೇಲೆ ಅಣ್ಣ ತಂಗಿಯರ ನಡುವೆ ದಿನವೂ ಮೆಸೇಜುಗಳ ಓಡಾಟ. ಫೋನಿನ ಹೊಟ್ಟೆ ಚಿಕ್ಕದು. ಹೊಸದು ಬರಬೇಕಾದರೆ ಹಳೆಯದನ್ನು ಅಳಿಸಬೇಕು. ಭಾವನಿಗೆ ಒಂದನ್ನೂ ಅಳಿಸಲು ಮನಸ್ಸಿಲ್ಲ. ಕಂಪ್ಯೂಟರಿಗೆ ಇಳಿಸೋಣವೆಂದರೆ ಕಂಪೆನಿಯವರು ಕೊಡುವ ಸಿ.ಡಿ. ವಿಂಡೋಸಿನಲ್ಲಷ್ಟೇ ನಡೆಯುತ್ತದೆ.

"ಪಕ್ಕದ ಸೈಬರಿನಲ್ಲಿ ಇಳಿಸಿ ಭಾವ," ಎಂದೆ.

"ನನ್ನ ತಂಗಿಯ ಮಾತು ನೋಡ್ಲಿಕ್ಕೆ ನಾನು ಇನ್ನೊಬ್ಬನ ಬಾಗಿಲು ತಟ್ಟುದಾ?"

ಹೀಗಾಗಿ ಹೊಸ ಫೋನಿನ ಬೇಟೆ. ಅದು ಲಿನಕ್ಸಿಗೆ ಒಗ್ಗಬೇಕು, ಬಿದ್ದರೆ ಒಡೆಯಲೂಬಾರದು. ಬೀಳುವುದೇಕೆ? ಭಾವ ಉಡುವುದು ಮುಂಡು ಪಂಚೆ, ಆದ್ದರಿಂದ ಫೋನಿಗೆ ಅಂಗಿಯ ಕಿಸೆಯೇ ಗತಿ. ಅವರು ಬಗ್ಗಿದಾಗಲೆಲ್ಲ ಫೋನು ಭೂಮಿಗೆ ಅಡ್ಡಬೀಳುತ್ತದೆ. ಕಿಸೆಗೊಂದು ಗುಂಡಿ ಹೊಲಿಸಿ ಎಂದರೆ, "ತಪ್ಪು ಫೋನಿನದ್ದು, ಶಿಕ್ಷೆ ಅಂಗಿಗೆ ಎಂತದಕ್ಕೆ?" ಎನ್ನುತ್ತಾರೆ.

ಅಂಗಡಿಯವರ ಮಾತನ್ನು ನಂಬುವವರಲ್ಲ ಭಾವ. ತಮ್ಮ ಸಿಪಿಯು ಪೆಟ್ಟಿಗೆಯನ್ನೇ ಗೋಣಿಯಲ್ಲಿ ಕಟ್ಟಿ, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಕಂಡಕ್ಟರ್ ಗೋಣಿಯನ್ನು ಮುಟ್ಟಿ ನೋಡಿದ.

"ಒಳಗೆ ಎಂತ ಮಾರಾಯ್ರೆ, ಅಂಕದಲ್ಲಿ ಕಾದುವ ಕೋಳಿಯಾ?"

"ಲಿನಕ್ಸ್," ಎಂದರು ಭಾವ.

"ಕುಕ್ಕುದಿಲ್ಲ ಅಲ್ವಾ? ಹಾಗಾದ್ರೆ ಸೀಟಿನಡಿಗೆ ತಳ್ಳಿ."

ಬೆಳ್ತಂಗಡಿಯ ಅಂಗಡಿಯಲ್ಲಿ ಭಾವ ಹೊಸ ಫೋನನ್ನು ಎದೆಯ ಎತ್ತರದಿಂದ ನೆಲಕ್ಕೆ ಹಾಕಿ ನೋಡಲು ಅನುಮತಿ ಬೇಡಿದರು. ಅಂಗಡಿಯಾತ ಬಹಳ ಶಾಂತವಾಗಿ, "ಮೊದಲು ನಿಮ್ಮ ಗೋಣಿಯನ್ನು ಹಾಕಿ ನೋಡುವ," ಎಂದ. ಅಲ್ಲಿಗೆ ಬೆಳ್ತಂಗಡಿ ಮುಗಿಯಿತು.

ಬಂಟ್ವಾಳದಲ್ಲಿ, ಗಲ್ಫಿನಿಂದ ಮರಳಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ತಾಳ್ಮೆಯ ಮನುಷ್ಯ. ತಮ್ಮದೇ ಮಾನಿಟರು ಬಿಟ್ಟುಕೊಟ್ಟರು. ಒಂದಾದ ಮೇಲೊಂದು ಫೋನು ಜೋಡಿಸಿದೆವು; ಲಿನಕ್ಸ್ ಯಾವುದನ್ನೂ ಮಾತನಾಡಿಸಲಿಲ್ಲ. ನನ್ನ ಆಶಾವಾದ ಕೊನೆಯುಸಿರೆಳೆಯುವ ಹೊತ್ತಿಗೆ, ಸುತ್ತ ರಬ್ಬರು ಹೊದ್ದ, ಇಟ್ಟಿಗೆಯಂಥ ಫೋನೊಂದು ಹೊರಬಂತು. ಸಾಹೇಬರು ಅದಕ್ಕೊಂದು ಮೆಸೇಜು ಕಳುಹಿಸಿದರು. ಅದು ಲಿನಕ್ಸಿನ ಪರದೆಯ ಮೇಲೆ ಮೂಡಿಯೇಬಿಟ್ಟಿತು: "ಅಣ್ಣಾ, ಇನ್ನು ಮನೆಗೆ ಹೋಗಿ."

"ಇದು ಆಗ್ತದೆ! ಇದು ಆಗ್ತದೆ! ಮನೆಗೆ ಹೋಗಿ ಹಳೆಯದರಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಇದಕ್ಕೆ ದಾಟಿಸುವ!" ಎಂದು ಭಾವ ಹಿಗ್ಗಿ, ಗೋಣಿ ಎತ್ತಲು ಬಗ್ಗಿದರು.

ಹೌದು. ಬಗ್ಗಿದರು.

ಹಳೆಯ ಫೋನು ಕಿಸೆಯಿಂದ ಜಾರಿ ನೆಲಕ್ಕೆ ಬಡಿಯಿತು. ಎಷ್ಟೋ ಸಲ ಬಿದ್ದು ಎದ್ದಿದ್ದ ಅದು ಈ ಸಲ ಏಳಲಿಲ್ಲ. ಸಾಹೇಬರು ಬಿಚ್ಚಿ ನೋಡಿ ತಲೆಯಾಡಿಸಿದರು. "ಡಿಸ್‌ಪ್ಲೇ ಹೋಯ್ತು ಅಣ್ಣ. ಮೆಸೇಜೆಲ್ಲ ಸೆಟ್ಟಿನ ಒಳಗೇ ಉಂಟು, ಎಲ್ಲಿಗೂ ಹೋಗ್ಲಿಲ್ಲ. ಆದರೆ ಓದುದು ಹೇಗೆ? ಈ ಮಾಡೆಲ್ ಈಗ ಬರುದಿಲ್ಲ, ಇದರ ಡಿಸ್‌ಪ್ಲೇಯೂ ಸಿಕ್ಕುದಿಲ್ಲ."

ಮರಳುವ ಬಸ್ಸಿನಲ್ಲಿ ಹೊಸ ಫೋನು ನನ್ನ ಕೈಯಲ್ಲಿ, ಹಳೆಯದು ಭಾವನ ಮುಷ್ಟಿಯಲ್ಲಿ. ಸಮಾಧಾನ ಹೇಳಹೊರಟೆ: "ಊಟ ಆಯ್ತಾ, ಮಳೆ ಬಂತಾ ಅಂತ ತಾನೇ ಇರುದು? ನಾಳೆ ಮತ್ತೆ ಬರೀತಾಳೆ ಭಾವ."

ಭಾವ ಮುಷ್ಟಿ ಬಿಚ್ಚಿ ಹಳೆಯ ಫೋನನ್ನು ನೋಡಿದರು.

"ಸಣ್ಣವಳಿರುವಾಗ ಅವಳು ಕೈಯಲ್ಲೇ ಮಾತಾಡ್ತಿದ್ದದ್ದು. ಎಷ್ಟು ಮಾತಾಡಿದ್ದಾಳೆ ಗೊತ್ತುಂಟಾ ನಿಮಗೆ! ಕೈ ಕೆಳಗಿಳಿಸಿದ ಕೂಡ್ಲೆ ಎಲ್ಲ ಹೋಯ್ತು. ಅವಳ ಮಾತು ಅಂತ ಒಂದು ಕಡೆ ಉಳಿದದ್ದು ಇದರಲ್ಲೇ ಮೊದಲು."

ವೇದಿಕೆಗಳ ನನ್ನ ವಾದಗಳನ್ನೆಲ್ಲ ಬದಿಗಿಟ್ಟು ಗೋಣಿಯನ್ನು ನನ್ನ ಮಡಿಲಿಗೆ ತೆಗೆದುಕೊಂಡೆ.

ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮೇಜಿನ ಡ್ರಾಯರಿನಲ್ಲಿ ಭಾವನದ್ದೇ ಮಾಡೆಲಿನ, ನೀಲಿ ಬಣ್ಣದ, ತಲೆಯ ಮೇಲೆ ಗಿಡ್ಡ ಆಂಟೆನಾ ಇರುವ ಹಳೆಯ ಫೋನೊಂದು ಸುಮ್ಮನೆ ಬಿದ್ದಿದ್ದರೆ ಎಸೆಯಬೇಡಿ. ಗುಂಡಿಗಳು ಸವೆದಿರಲಿ, ಬ್ಯಾಟರಿ ಉಬ್ಬಿರಲಿ. ಡಿಸ್‌ಪ್ಲೇ ಬೆಳಗಿದರೆ ಸಾಕು. ದಯವಿಟ್ಟು ಅದನ್ನು ನಮಗೆ ಕೊಡಿ.