ಭಾವನ ಕಾರಿನಲ್ಲಿ ಸೀನಬಾರದು

ನಮ್ಮ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಒಂದು ಕಾಯಿಲೆಯಿತ್ತು: ತಮ್ಮ ಕಾರಿಗೆ ಕಾಯಿಲೆಯಿಲ್ಲ ಎಂದರೆ ಅವರು ನಂಬುತ್ತಿರಲಿಲ್ಲ!

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಕಡಬದ ನಮ್ಮ ಕಡೆ ಕಾರಿದ್ದ ಮನೆಗಳೇ ಕಡಿಮೆ. ಕಾರಿನಲ್ಲಿ ಕೂತವರು ಕಿಟಕಿಯಿಂದ ಊರವರನ್ನು ನೋಡಿ ನಗಬೇಕು, ಅಲ್ಲವೇ? ನಾವು ಮಾತ್ರ ಪರೀಕ್ಷೆಗೆ ಕೂತವರಂತೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮಾತಾಡಿದರೆ ಎಂಜಿನ್ನಿನ ಸದ್ದು ಭಾವನಿಗೆ ಕೇಳಬೇಡವೇ? ಮೇಲಾಗಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಅತ್ತೆಯ ಮೂಗಿಗೆ ಸುಟ್ಟ ವಾಸನೆ, ನನ್ನ ಕಿವಿಗೆ ಎಡಗಡೆಯ ಸದ್ದು, ನನ್ನ ಗಂಡನ ಅಂಗಾಲಿಗೆ ನಡುಕ.

ಒಮ್ಮೆ ನನ್ನ ಗಂಡ ಸೀನಿದರು. ಎಂಜಿನ್ನೇ ಸೀನಿತೆಂದು ಭಾವ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಕಾರ್ಬುರೇಟರ್ ಬಿಚ್ಚಿ ಊದಿದ ಮೇಲೆಯೇ ಹೊರಟದ್ದು! ಸುಳ್ಯದ ಮದುವೆಗೆ ಹೋಗುವಾಗ ಎಲ್ಲಿಂದಲೋ ಕಿಣಿಕಿಣಿ ಕೇಳಿತೆಂದು ದಾರಿಬದಿಯಲ್ಲಿ ಹುಡುಕಿ ಹುಡುಕಿ, ಅದು ಅತ್ತೆಯ ಬಳೆ ಎಂದು ಗೊತ್ತಾಗುವಷ್ಟರಲ್ಲಿ ಅಲ್ಲಿ ಕೊನೆಯ ಪಂಕ್ತಿ ಊಟ ಮುಗಿಸಿ ಎದ್ದಿತ್ತು. ಆಮೇಲೆ ಕಾರು ಹತ್ತುವ ಮೊದಲು ಅತ್ತೆ ಬಳೆಗಳಿಗೆ ಕರವಸ್ತ್ರ ಸುತ್ತಿಕೊಳ್ಳುವ ಕ್ರಮ ಬಂತು.

ನನಗೆ ಮೊದಲ ಹೆರಿಗೆಯ ನೋವು ಶುರುವಾದ ದಿನ ಗಂಡ ಊರಲ್ಲಿರಲಿಲ್ಲ. ಪುತ್ತೂರಿನ ಆಸ್ಪತ್ರೆಗೆ ಭಾವನ ಕಾರೇ ಗತಿ. ಈ ಮನುಷ್ಯ ದಾರಿಯಲ್ಲಿ ಬಾನೆಟ್ ಎತ್ತಿ ನಿಂತರೆ ಮಗು ಸೀಟಿನಲ್ಲೇ ಹುಟ್ಟುತ್ತದಲ್ಲ! ನನಗೆ ನೋವಿಗಿಂತ ಆ ಹೆದರಿಕೆಯೇ ಹೆಚ್ಚು.

ಕಡಬ ದಾಟುವ ಮೊದಲೇ ಎಡಗಡೆಯಿಂದ ಕರಕರ ಸದ್ದು. ನಾನು ಹಲ್ಲು ಕಚ್ಚಿಕೊಂಡೆ. ಹೇಳಿದರೆ ನಿಲ್ಲಿಸುತ್ತಾರೆ. ಅತ್ತೆ ಸುಮ್ಮನಿರಬೇಕಲ್ಲ!

"ರಬ್ಬರ್ ಸುಟ್ಟ ವಾಸನೆ ಬರ್ತಾ ಉಂಟು ಮಾರಾಯ."

"ಯಾರೋ ತೋಟದ ರಬ್ಬರ್ ಶೀಟಿಗೆ ಹೊಗೆ ಹಾಕಿ ಒಣಗಿಸ್ತಾ ಇರ್ಬೇಕು ಅಮ್ಮ," ಎಂದರು ಭಾವ, ತಿರುಗಿಯೂ ನೋಡದೆ.

ಉಪ್ಪಿನಂಗಡಿಗೆ ಬರುವಾಗ ಕರಕರ ಹೋಗಿ ಕಿರುಚಾಟವಾಗಿತ್ತು. ಪೇಟೆಯವರೆಲ್ಲ ತಿರುಗಿ ನೋಡಿದರು. ಕೊನೆಗೆ ನಾನೇ ತಡೆಯಲಾರದೆ ಕೇಳಿದೆ.

"ಭಾವ, ಸದ್ದು ಕೇಳ್ತಿಲ್ವಾ?"

"ಇಲ್ಲ. ನನಗೆ ಎಂತದೂ ಕೇಳ್ತಿಲ್ಲ."

ಸೀನಿಗೆ ಗಾಡಿ ನಿಲ್ಲಿಸಿದವರು!

ಆಸ್ಪತ್ರೆಯ ಗೇಟು ದಾಟಿದ್ದೇ ಕಾರು ಹೊಗೆಯಾಡುತ್ತಾ ನಿಂತಿತು. ನನ್ನನ್ನು ಒಳಗೆ ಕರೆದೊಯ್ದ ಮೇಲೆ ಭಾವ, ಬಾನೆಟ್ ಎತ್ತಿ ನೋಡದೆಯೇ, ಡೈನಮೋದ ಬೇರಿಂಗ್ ತಿರುಗದೆ ಬಿಗಿದುಕೊಂಡು ಬೆಲ್ಟ್ ಸುಟ್ಟಿದೆ ಎಂದರಂತೆ. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲವೆಂದು ಅತ್ತೆ ಗದರಿದಾಗ, ಅವಳು ಮೊದಲೇ ಹೆದರಿದ್ದಳಲ್ಲ ಎಂದಷ್ಟೇ ಹೇಳಿದರಂತೆ.

ಸಂಜೆ ಮಗು ಅತ್ತಿತು. ಭಾವ ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಕಿವಿಗೊಟ್ಟು ಕೇಳತೊಡಗಿದರು. ನನಗೆ ಮತ್ತೆ ದಿಗಿಲು: ಇಲ್ಲಿ ಏನು ಹುಡುಕುತ್ತಾರೋ!

"ಸದ್ದು ಸರಿ ಉಂಟು," ಎಂದರು.

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.