ಗುಂಡ್ಯಾನ ಹಾಲುಹಲ್ಲು

ಮಂದಿಯ ಬಾಯಲ್ಲಿ ಬೆರಳಿಟ್ಟು ಹೊಟ್ಟೆ ಹೊರೆಯುವವಳು ನಾನು. ನಗೆಪಾಟಲಾಗುವ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡೇ ಬರುತ್ತವೆ. ಬೆಳಗಾವಿಯಲ್ಲಿ ನಮ್ಮದು ಮುಂದೆ ಹಲ್ಲಿನ ದವಾಖಾನೆ, ಹಿಂದೆ ಮನೆ. ಇಷ್ಟು ವರ್ಷದಲ್ಲಿ ಯಾವ ಪೇಶಂಟೂ ನನ್ನನ್ನು ಕಡಿದಿರಲಿಲ್ಲ. ಆ ಕೊರತೆಯನ್ನು ಖಾನಾಪುರದಿಂದ ಬಂದ ಗುಂಡ್ಯಾ ತುಂಬಿಕೊಟ್ಟ.

ಗುಂಡ್ಯಾ ಅಂದರೆ ನಾಯಿಮರಿ. ಖಾನಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಅತ್ತೆಗೆ ಹಗಲು ಹೊತ್ತು ಜೊತೆಯಾಗಲಿ ಎಂದು ತಂದುಕೊಟ್ಟಿದ್ದು. ಕರಿ ಮೈ, ಒಂದು ಕಾಲು ಮಾತ್ರ ಬಿಳಿ, ಬಾಯಿ ತುಂಬ ಸೂಜಿ. ಚಪ್ಪಲಿ, ಕಸಬರಿಗೆ, ಸೀರೆಯ ಅಂಚು, ನನ್ನ ಬೆರಳು, ಏನು ಸಿಕ್ಕರೂ ಕಡಿಯುತ್ತಿದ್ದ. ಕನ್ನಡ, ಮರಾಠಿ, ದವಾಖಾನೆಯ ಇಂಗ್ಲಿಷು, ಮೂರರಲ್ಲೂ ಬೈದು ನೋಡಿದೆವು. ಮೂರನ್ನೂ ಅವನು ಯಾವ ಭೇದಭಾವವಿಲ್ಲದೆ ಕಡೆಗಣಿಸಿದ.

ನಮ್ಮ ಬೆರಳು ಹೋದರೆ ಹೋಗಲಿ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಅತ್ತೆಯ ಪಾದಕ್ಕಾಗಿ. ಅವರಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಒಂದು ಗೀರು ಬಿದ್ದರೂ ಮಾಯುವುದು ಬಲು ನಿಧಾನ. ಗುಂಡ್ಯಾನಿಗೋ ಈ ಭೂಮಿಯ ಮೇಲೆ ಅತಿ ರುಚಿಯಾದ ವಸ್ತು ಅತ್ತೆಯ ಹೆಬ್ಬೆರಳು. ಒಂದೋ ಕಡಿಯುವ ಚಟ ಬಿಡಿಸಬೇಕು, ಇಲ್ಲವೋ ಮರಿಯನ್ನು ವಾಪಸು ಕಳಿಸಬೇಕು. ವಾಪಸಿನ ಮಾತೆತ್ತಿದರೆ ಅತ್ತೆ ಅವತ್ತಿನ ಊಟವನ್ನೇ ಮುಟ್ಟುತ್ತಿರಲಿಲ್ಲ.

ಪಟ್ಟಿ ಕಟ್ಟಿದ ಬೆರಳು

ಮರಿಗೂ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿದೆವು, ನಾನೂ ಹಾಕಿಸಿಕೊಂಡೆ. ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು ದವಾಖಾನೆಯಲ್ಲಿ ಕುಳಿತಿದ್ದೆ. ಕಾಕತಿಯಿಂದ ಒಬ್ಬ ಹಿರಿಯರು ದವಡೆ ಹಲ್ಲು ಕೀಳಿಸಲು ಬಂದರು. ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದವರು ನನ್ನ ಕೈ ನೋಡಿ ಥಟ್ಟನೆ ಬಾಯಿ ಮುಚ್ಚಿದರು.

"ಬೆರಳಿಗೆ ಏನಾತ್ರೀ ಡಾಕ್ಟರ?"

ಮುಚ್ಚುಮರೆ ಏಕೆ ಎಂದು "ಕಡಿದಾನ್ರೀ" ಅಂದೆ. "ದಿನಾ ಇದಽ ಗೋಳು."

ಯಾರು ಎಂದು ಅವರು ಕೇಳಲಿಲ್ಲ, ನಾಯಿ ಎಂದು ನಾನು ಹೇಳಲಿಲ್ಲ. ಅವರು ಮೆಲ್ಲಗೆ ಕುರ್ಚಿಯಿಂದಿಳಿದು ಚಪ್ಪಲಿ ಮೆಟ್ಟಿಕೊಂಡರು.

"ಯಾಕ್ರೀ, ಹೊಂಟ್ರಿ?"

"ಡಾಕ್ಟರ್‌ಗ ಕಡ್ಯೂ ಅಷ್ಟು ತ್ರಾಸ ಕೊಡ್ತೀರಿ ಅಂದ್ರ, ನಂದೇನೂ ಅಷ್ಟು ನೋಯಾಂಗಿಲ್ಲ ಬಿಡ್ರಿ. ಲವಂಗ ಇಟ್ಕೋತೀನಿ."

ಗೋಡೆಗೆ ಮುಖ

ದನದ ದವಾಖಾನೆಯ ಡಾಕ್ಟರು ಒಂದು ಉಪಾಯ ಹೇಳಿಕೊಟ್ಟರು. ಹೊಡೆಯಬಾರದು, ಬೈಯಬಾರದು. ಕಡಿದ ಕೂಡಲೇ ನೋವಾಯಿತು ಎಂದು ತಿಳಿಯುವಂತೆ ಒಮ್ಮೆ ಕೂಗಬೇಕು, ಆಮೇಲೆ ಮುಖ ತಿರುಗಿಸಿ ಮಾತು ಬಿಡಬೇಕು. ಕಡಿದರೆ ಆಟ ಮುಗಿಯಿತು ಎಂದು ಮರಿಗೆ ತಾನಾಗಿ ತಿಳಿಯುತ್ತದಂತೆ.

ಆ ಸಂಜೆ ಗುಂಡ್ಯಾ ನನ್ನ ಹಿಮ್ಮಡಿ ಹಿಡಿದ. ನಾನು ಕೂಗಿ ಗೋಡೆಗೆ ಮುಖ ಮಾಡಿ ನಿಂತೆ. ನನ್ನನ್ನು ಬಿಟ್ಟು ಗಂಡನ ಪೈಜಾಮ ಹಿಡಿದ. ಅವರೂ ಕೂಗಿ ಎದುರು ಗೋಡೆಗೆ ಮುಖ ಮಾಡಿದರು. ಅಷ್ಟರಲ್ಲಿ ಬಾಜು ಮನೆಯ ಮರಾಠಿ ವೈನಿ, ಅಂದರೆ ಅತ್ತಿಗೆ ಎಂದು ನಾವು ಕರೆಯುವವರು, ಮೊಸರಿಗೆ ಹೆಪ್ಪು ಕೇಳಲು ಬಂದರು. ಎರಡು ಕೂಗು ಕೇಳಿಸಿಕೊಂಡೇ ಮೆಟ್ಟಿಲು ಹತ್ತಿದ್ದರು. ಒಳಗೆ ನೋಡಿದರೆ ಗಂಡ ಒಂದು ಗೋಡೆಗೆ, ಹೆಂಡತಿ ಒಂದು ಗೋಡೆಗೆ.

"ಅಗಬಾಯಿ! ಕಾಯ ಝಾಲಂ? ಏನಾತು?"

ನಾವು ಉತ್ತರ ಕೊಡುವಂತಿರಲಿಲ್ಲ; ಮಾತಾಡಿದರೆ ಪಾಠ ಕೆಡುತ್ತದೆ. ವೈನಿ ಹೆಪ್ಪು ಮರೆತು ಹಿಂದಕ್ಕೆ ಸರಿದರು. ಗುಂಡ್ಯಾನ ಪಾಠ ಅಂತ ಮರುದಿನ ಎಷ್ಟು ಹೇಳಿದರೂ ಅವರು ನಂಬಲಿಲ್ಲ.

"ನನ್ನ ಮುಂದ ನಾಚಿಗಿ ಯಾಕ? ಎಲ್ಲಾರ ಮನ್ಯಾಗೂ ಇದ್ದದ್ದಽ" ಎಂದು ಕೈಗೆ ಶ್ರೀಖಂಡದ ಡಬ್ಬಿ ಕೊಟ್ಟರು. "ಇಬ್ರೂ ಒಂದಽ ಬಟ್ಟಲದಾಗ ತಿನ್ರಿ."

ಹಸಿದವನ ಸಿಟ್ಟು

ಗೋಡೆ ನೋಡಿ ನೋಡಿ ನಮಗೆ ಅದರ ಬಿರುಕುಗಳೆಲ್ಲ ಬಾಯಿಪಾಠವಾದವು. ಗುಂಡ್ಯಾ ಮಾತ್ರ ದಿನದಿಂದ ದಿನಕ್ಕೆ ಹೆಚ್ಚು ಹುರುಪಿನಿಂದ ಕಡಿಯತೊಡಗಿದ. ಮೈ ಕೂಡ ಗುಂಡಗೆ ತುಂಬಿಕೊಳ್ಳತೊಡಗಿತು. ಇದರ ಮರ್ಮ ತಿಳಿಯಲೆಂದು ಒಂದು ದಿನ ಗೋಡೆಗೆ ಮುಖ ಮಾಡಿ ನಿಂತು ಓರೆಗಣ್ಣು ಬಿಟ್ಟೆ.

ನಾನು ಕೂಗಿದ್ದೇ ತಡ, ಅತ್ತೆ ಅಡುಗೆಮನೆಯಿಂದ ಜೋಳದ ರೊಟ್ಟಿಯ ಚೂರಿಗೆ ತುಪ್ಪ ಸವರಿಕೊಂಡು ಬಂದರು. "ಬಾ ತಮ್ಮಾ, ತಿನ್ನು" ಎಂದು ಅವನ ಬಾಯಿಗಿಟ್ಟರು.

"ಅತ್ತೀ! ಕಡಿದಾವಗ ತುಪ್ಪಾ ರೊಟ್ಟಿ ಕೊಡ್ತಾರೇನ್ರೀ?"

"ಕಡಿದಾಗಽ ಕೊಡಬೇಕವಾ. ಹಸಿವಿ ಆಗೇತಿ, ಅದಕ್ಕ ಸಿಟ್ಟು. ಹೊಟ್ಟಿ ತುಂಬಿದಾವ ಯಾರಿಗರೆ ಕಡೀತಾನೇನು?"

"ಹಂಗಲ್ರೀ, ಕಡಿದ್ರ ರೊಟ್ಟಿ ಸಿಗತೈತಿ ಅಂತ ಕಲೀತಾನ ಅಂವಾ."

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

"ನಿನ್ನ ಗಂಡಗೂ ಸಣ್ಣಾಂವ ಇದ್ದಾಗ ಹಿಂಗಽ ಸಿಟ್ಟು ಬರ್ತಿತ್ತು. ರೊಟ್ಟಿ ಕೊಟ್ಟಽ ಬೆಳಿಸೇನಿ. ಈಗ ಕಡೀತಾನೇನು?"

ಪಾವಣ್ಯಾರ ಮರ್ಯಾದೆ

ಜಾಂಬೋಟಿ ಕಡೆಯಿಂದ ನಮ್ಮ ಮಾವನ ಕಾಲದ ಪರಿಚಯದ ಪಾವಣ್ಯಾರು, ಅಂದರೆ ಅತಿಥಿಗಳು, ಒಬ್ಬರು ಬಂದರು. ಬಲು ಸಭ್ಯಸ್ತರು. ಕುಂದರ್ರಿ ಎಂದು ಮೂರು ಸಲ ಹೇಳದೆ ಕೂರುವವರಲ್ಲ. ನೀರು ಕೊಡುವಾಗಲೇ ನನ್ನ ಗಂಡ ವಿವರಿಸಿದರು. "ನಾಯಿಮರಿ ಕಡಿದ್ರ ಸಂಕೋಚ ಮಾಡಬ್ಯಾಡ್ರಿ. ಜೋರಾಗಿ ಕೂಗಿ ಮಾರಿ ಹೊಳ್ಳಸ್ರಿ."

ಅವರು ಹೂಂ ಅಂದರು. ಚಹದ ಕಪ್ಪು ಎತ್ತಿದ್ದಾರೆ, ಗುಂಡ್ಯಾ ಟೀಪಾಯಿಯ ಕೆಳಗಿಂದ ಹೋಗಿ ಮೀನಖಂಡಕ್ಕೆ ಬಾಯಿ ಹಾಕಿದ. ಪಾವಣ್ಯಾರ ಕಣ್ಣಲ್ಲಿ ನೀರು ತುಂಬಿತು. ಕಪ್ಪು ತಟ್ಟೆಯ ಮೇಲೆ ಗಿಲಿಗಿಲಿ ಅಂದಿತು.

"ಕೂಗ್ರಿ, ಕೂಗ್ರಿ!" ಅಂದೆವು ನಾವಿಬ್ಬರೂ.

"ಏ, ಇರ್ಲಿ ಬಿಡ್ರಿ. ಸಣ್ಣದೈತಿ, ಆಡತೈತಿ" ಎಂದು ನಕ್ಕು, ತಮ್ಮ ತಟ್ಟೆಯ ಕುಂದಾ ತೆಗೆದು ಗುಂಡ್ಯಾನಿಗೇ ತಿನ್ನಿಸಿಬಿಟ್ಟರು. ಹಚ್ಚಲು ಔಷಧ ತಂದರೂ "ಏನೂ ಆಗಿಲ್ರೀ, ಧೋತರದ ಮ್ಯಾಲಿಂದಽ ಹೋತು" ಎಂದರು. ಅಡಿಕೆ ಹಾಕಿಕೊಂಡು, ಎಲ್ಲರಿಗೂ ಶರಣು ಹೇಳಿ, ನೆಟ್ಟಗೆ ನಡೆದು ಗೇಟು ದಾಟಿದರು.

ನಾವು ಬಾಗಿಲು ಹಾಕಿದ ಮೇಲೆ ಓಣಿಯ ಮೂಲೆಯಿಂದ "ಯವ್ವಾ ಯವ್ವಾ ಯವ್ವಾ!" ಎಂಬ ಕೂಗು ಕೇಳಿಸಿತು. ಪಾಠದ ಪ್ರಕಾರವೇ ಕೂಗಿದ್ದರು ಪಾಪ, ಮರ್ಯಾದೆಯ ಗಡಿ ದಾಟಿದ ಮೇಲೆ.

ದೊಡ್ಡಪ್ಪ

ಅಂಜಿದ್ದು ಕಡೆಗೂ ಆಯಿತು. ಒಂದು ಬೆಳಿಗ್ಗೆ ಅತ್ತೆಯ ಹೆಬ್ಬೆರಳಿನ ಪಕ್ಕ ಒಂದು ಕೆಂಪು ಗೀರು ಕಂಡಿತು. ಡಾಕ್ಟರಿಗೆ ತೋರಿಸಿದೆವು, ಅತ್ತೆಗೂ ಸೂಜಿ ಹಾಕಿಸಿದೆವು. ಗೀರು ಮಾಯುವ ತನಕ ನನಗೆ ಅನ್ನ ಸೇರಲಿಲ್ಲ. ಸುದ್ದಿ ಖಾನಾಪುರಕ್ಕೆ ಮುಟ್ಟಿತು. "ನಾನಽ ಕೊಟ್ಟೇನಿ, ನಾನಽ ಒಯ್ತೀನಿ" ಎಂದು ಭಾವ ಫೋನಿನಲ್ಲಿ ಗುಡುಗಿದರು. ಅವರ ಅಂಗಡಿಯ ಜಾತ್ರೆಯಂಥ ಗದ್ದಲದ ಹಿಂಗಾರಿ ಬಿತ್ತನೆಯ ವ್ಯಾಪಾರ ಮುಗಿಯುವವರೆಗೆ ಮಾತ್ರ ನಮಗೆ ಗಡುವು.

ಅವತ್ತಿನಿಂದ ಅತ್ತೆ ನನ್ನ ಗಂಡನ ಹಳೆಯ ಫುಟ್ಬಾಲು ಸಾಕ್ಸು ಮೊಣಕಾಲಿನವರೆಗೆ ಏರಿಸಿಕೊಂಡರು. ಏನನ್ನಿಸಿತೋ, ನನ್ನ ಮಾತಿಗೂ ಒಪ್ಪಿದರು. "ಆತು, ಕಡಿದ ಮ್ಯಾಲ ಕೊಡೂದಿಲ್ಲ. ಕಡೀದಽ ಸುಮ್ನ ಕುಂತಾಗ ಕೊಡ್ತೀನಿ. ಒಟ್ಟ ರೊಟ್ಟಿ ತಪ್ಪಸಾಕಿ ಅಲ್ಲ ನಾ." ಗುಂಡ್ಯಾ ಬೆರಳು ಬಿಟ್ಟು ಕುಳಿತರೆ ರೊಟ್ಟಿ, ಹಲ್ಲು ಊರಿದರೆ ಗೋಡೆ. ಮೆಲ್ಲಮೆಲ್ಲಗೆ ಕಡಿತ ಕಡಿಮೆಯಾದಂತೆ ಕಂಡಿತು. ಆದರೂ ನನಗೆ ಧೈರ್ಯವಿರಲಿಲ್ಲ.

ಭಾನುವಾರ ಭಾವ ಬಂದರು. ಯಾರದೋ ಮನೆಯ ವಾಸ್ತುಶಾಂತಿಗೆ ಹೋಗಬೇಕಿತ್ತು, ಮೈಮೇಲೆ ಬೆಳ್ಳನೆ ಬಟ್ಟೆ, ಕೈಯಲ್ಲಿ ಮರಿ ಒಯ್ಯಲು ಬುಟ್ಟಿ. ಅತ್ತೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಒಂದು ಕಾಲಿನ ಸಾಕ್ಸು ಬಿಚ್ಚಿ, ಬರಿಗಾಲನ್ನು ಗುಂಡ್ಯಾನ ಮುಂದೆ ಚಾಚಿದರು.

"ಅತ್ತೀ, ಬ್ಯಾಡ್ರಿ!" ಎಂದು ನಾನು ಮುಂದೆ ಹೋದೆ.

"ನೀ ಸುಮ್ನಿರು. ಇವ್ನೂ ನೋಡ್ಲಿ."

ಗುಂಡ್ಯಾ ಬಂದ. ಮೂಸಿದ. ಬಾಯಿ ತೆರೆದು ಹೆಬ್ಬೆರಳನ್ನು ಪೂರ್ತಿ ಒಳಗೆ ತೆಗೆದುಕೊಂಡ. ಆಮೇಲೆ ಬೆರಳನ್ನು ಬಿಟ್ಟು, ಪಾದದ ಮೇಲೆ ಗದ್ದ ಊರಿ, ರೊಟ್ಟಿಗಾಗಿ ಅತ್ತೆಯ ಮುಖ ನೋಡಿದ.

ನಾನು ಓಡಿಹೋಗಿ ಪಾದ ಹಿಡಿದುಕೊಂಡು ನೋಡಿದೆ. ಒಂದು ಗುರುತೂ ಇಲ್ಲ. ಅಕ್ಕಿಕಾಳಿನಂಥದೊಂದು ಮಾತ್ರ ಅಂಟಿಕೊಂಡಿತ್ತು. ಗುಂಡ್ಯಾನ ಹಾಲುಹಲ್ಲು! ನನ್ನ ಜನ್ಮದಲ್ಲಿ ಅದೆಷ್ಟೋ ಹಲ್ಲು ಕಿತ್ತಿದ್ದೇನೆ, ಯಾವ ಹಲ್ಲನ್ನು ಕಂಡೂ ಅಷ್ಟು ಸಂತೋಷವಾಗಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದೆ.

ಅತ್ತೆ ಮಾತ್ರ ಕಾರ್ಯಕ್ಕಿಳಿದಿದ್ದರು. "ಹಲ್ಲು ಬಿದ್ದೈತಿ. ಶೆಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗೀಬೇಕು. ನಮ್ಮ ಮನ್ಯಾಗ ದೊಡ್ಡಪ್ಪನಽ ಒಗ್ಯೂ ಪದ್ಧತಿ. ಹೋಗು, ಶೆಗಣಿ ತಗೊಂಡ ಬಾ" ಎಂದು ಭಾವನಿಗೆ ಹೇಳಿದರು.

"ಯವ್ವಾ, ಅದು ನಾಯಿ!"

"ನಂಗೂ ಕಣ್ಣು ಅದಾವ. ಹಾಲ್ಹಲ್ಲು ಅಂದ್ರ ಹಾಲ್ಹಲ್ಲಽ. ಒಗೀಲಿಲ್ಲಂದ್ರ ಹೊಸಾ ಹಲ್ಲು ಸೊಟ್ಟ ಬರ್ತಾವ. ಬೇಕಾದ್ರ ಡಾಕ್ಟರವ್ವನ್ನ ಕೇಳು."

ಎಲ್ಲರೂ ನನ್ನತ್ತ ನೋಡಿದರು. ಗೋಡೆಯ ಮೇಲೆ ನನ್ನ ಪದವಿಯ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಅದರ ಕಡೆ ಬೆನ್ನು ಮಾಡಿ "ಹೌದ್ರೀ ಭಾವಾರ, ಸೊಟ್ಟ ಬರ್ತಾವ" ಅಂದೆ.

ಗೊಬ್ಬರದಂಗಡಿಯ ಮಾಲಕರು ಬೆಳ್ಳನೆ ಬಟ್ಟೆಯಲ್ಲಿ ಓಣಿ ಓಣಿ ಸಗಣಿ ಹುಡುಕಿದರು. ಕಡೆಗೆ ಒಂದು ಕಾಗದದ ಮೇಲೆ ಚೂರು ತಂದು, ಹಲ್ಲನ್ನು ಅದರಲ್ಲಿ ಒತ್ತಿ ಮೇಲಕ್ಕೆ ಒಗೆದರು. ನಮ್ಮದು ಎರಡಂತಸ್ತಿನ ಮನೆ. ಉಂಡೆ ಗೋಡೆಗೆ ಬಡಿದು ಅವರ ಅಂಗಿಯ ಮೇಲೇ ವಾಪಸು ಬಂತು. ಎರಡನೆಯ ಸಲ ಸಿಟ್ಟಿನಿಂದ ಬೀಸಿದ್ದು ನಮ್ಮ ಮಾಳಿಗೆಯನ್ನೂ ದಾಟಿ ಬಾಜು ಮನೆಯ ಮಾಳಿಗೆಗೆ ಹೋಯಿತು. ಅಲ್ಲಿ ವೈನಿ ಹಪ್ಪಳ ಒಣಹಾಕುತ್ತಿದ್ದರು.

"ಅಗಬಾಯಿ! ಶೆಗಣಿ ಒಗದಾವ್ರು ಯಾರ್ರೀ ಅದು?"

ಭಾವ ತಬ್ಬಿಬ್ಬಾದರು. ನಾಯಿಯ ಹಲ್ಲು ಎನ್ನಲು ನಾಚಿಕೆ. "ನಾನ್ರೀ... ಸಿಟ್ಟಾಗಬ್ಯಾಡ್ರಿ... ನಮ್ಮ ತಮ್ಮನ ಮಗಂದು ಹಲ್ಲು ಬಿದ್ದೈತ್ರೀ."

ಅತ್ತೆ ಇದನ್ನೇ ಕಾಯುತ್ತಿದ್ದರೇನೋ! "ಕೇಳಿದ್ರಿಲ್ಲೋ ಎಲ್ಲಾರೂ? ತಮ್ಮನ ಮಗ ಅಂದಾನ. ಏನಪಾ, ತಮ್ಮನ ಮಗನ್ನ ಬುಟ್ಟ್ಯಾಗ ಹಾಕ್ಕೊಂಡ ಒಯ್ತೀಯೇನು?"

ಭಾವ ಕೈ ತೊಳೆದುಕೊಂಡರು. ಖಾಲಿ ಬುಟ್ಟಿಯನ್ನು ಕಾರಿನಲ್ಲಿಟ್ಟರು. ಹೊರಡುವಾಗ ದನಿ ತಗ್ಗಿಸಿ ನನ್ನನ್ನು ಕೇಳಿದರು. "ಅವಂಗ ಹಾಲ್ಹಲ್ಲು ಇನ್ನೂ ಎಷ್ಟು ಬೀಳೂವು ಅದಾವ್ರೀ?"

"ಒಟ್ಟು ಇಪ್ಪತ್ತೆಂಟು ಇರ್ತಾವ್ರೀ ಭಾವಾರ. ಇದು ಮೊದಲನೇದು."

ಭಾವ ಸ್ಟೇರಿಂಗಿಗೆ ಹಣೆ ಹಚ್ಚಿದರು. ಒಳಗಿನಿಂದ ಅತ್ತೆ ಕೂಗಿ ಹೇಳಿದರು. "ಬಿದ್ದಾಗೊಮ್ಮೆ ಫೋನ್ ಮಾಡಸ್ತೀನಿ, ಬರಾಕಽಬೇಕು. ಬರೂ ಮುಂದ ಶೆಗಣಿ ಖಾನಾಪುರದಿಂದಽ ತಗೊಂಡ ಬಾ. ಬೆಳಗಾವ್ಯಾಗ ಹೊತ್ತಿಗೆ ಸಿಗಾಂಗಿಲ್ಲ!"