ನಮ್ಮ ಭಾವನ ಫ್ರೆಂಚ್ ಆಟಗಾರ್ತಿ

ನಮ್ಮ ಭಾವನ ಬದುಕಿನಲ್ಲಿ ಇಬ್ಬರು ಹೆಂಗಸರಿದ್ದಾರೆ ಎಂದರೆ ನೀವು ತಪ್ಪು ತಿಳಿಯಬಾರದು. ಒಬ್ಬಳು ನನ್ನ ಅಕ್ಕ. ಸಿಡ್ನಿಯ ಟೂಂಗಾಬಿಯಲ್ಲಿ ಹದಿನಾರು ವರ್ಷದಿಂದ ಅವರನ್ನು ಸಹಿಸಿಕೊಂಡಿದ್ದಾಳೆ. ಇನ್ನೊಬ್ಬಳು ಫ್ರಾನ್ಸಿನವಳು. ನೂರು ವರ್ಷದ ಹಿಂದೆ ಟೆನಿಸ್ ಆಡಿ ಜಗತ್ತನ್ನೇ ಗೆದ್ದವಳು, ತೀರಿಕೊಂಡು ಎಷ್ಟೋ ಕಾಲವಾಯಿತು. ಮನೆಯಲ್ಲಿ ಯಾರ ಸುದ್ದಿ ಹೆಚ್ಚು ಎಂದು ಕೇಳಿದರೆ ಅಕ್ಕ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ.

ಭಾವ ಧಾರವಾಡದ ಕಡೆಯವರು, ಬಸ್ ಓಡಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಲೈಬ್ರರಿಯಲ್ಲಿ ಈ ಫ್ರೆಂಚ್ ಆಟಗಾರ್ತಿಯ ಜೀವನಚರಿತ್ರೆ ಕೈಗೆ ಸಿಕ್ಕಿತು. ಅಲ್ಲಿಯವರೆಗೆ ಟೆನಿಸ್ ರಾಕೆಟ್ ಎಂದರೆ ಅವರ ಪಾಲಿಗೆ ಸೊಳ್ಳೆ ಬ್ಯಾಟಿನ ದೊಡ್ಡಣ್ಣ, ಅಷ್ಟೆ. ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ! ಮೆಲ್ಬರ್ನಿನಲ್ಲಿ ನಾನು ಡಾಕ್‌ಲ್ಯಾಂಡ್ಸಿನ ಆಫೀಸಿಗೆ ಟ್ರಾಮ್ ಹತ್ತುವುದೇ ತಡ, ಭಾವನ ಫೋನು. ಆಕೆ ಗಿಡ್ಡ ಲಂಗ ತೊಟ್ಟು ಹಿರಿಯರ ಹುಬ್ಬೇರಿಸಿದ್ದು, ವರ್ಷಗಟ್ಟಲೆ ಗೆದ್ದದ್ದು, ಕುಣಿಯುವವಳ ಹಾಗೆ ಚೆಂಡಿಗೆ ಹಾರುತ್ತಿದ್ದದ್ದು. ನಾನು ಇಳಿಯುವ ಸ್ಟಾಪ್ ಬಂದರೂ ಒಂದು ಸೆಟ್ ಮುಗಿಯುತ್ತಿರಲಿಲ್ಲ. ಅಕ್ಕನ ಹುಟ್ಟುಹಬ್ಬ ಮರೆತ ಈ ಮಹಾನುಭಾವ ಆಕೆಯ ಹುಟ್ಟುಹಬ್ಬಕ್ಕೆ ಶ್ಯಾವಿಗೆ ಪಾಯಸ ಮಾಡಿಸಿದರು, ಅದೂ ಅಕ್ಕನ ಕೈಯಲ್ಲೇ!

ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಎಲ್ಲರೂ ಮಾರ್ಟ್‌ಗೇಜ್ ಬಗ್ಗೆ ಮಾತಾಡುತ್ತಿದ್ದರೆ ಭಾವ ಪುರೋಹಿತರನ್ನು ಮೂಲೆಗೆ ಕೂರಿಸಿಕೊಂಡು ಆಕೆ ಚಿಕ್ಕ ವಯಸ್ಸಿಗೇ ತೀರಿಹೋದ ಕಥೆ ಹೇಳಿ ಕಣ್ಣೊರೆಸಿಕೊಂಡರು. ಪುರೋಹಿತರಿಗೂ ಸಂಕಟವಾಯಿತು. ಯಾವ ಗೋತ್ರ, ವರ್ಷಾಬ್ದಿಕ ಸರಿಯಾಗಿ ನಡೀತಿದೆಯಾ ಎಂದು ವಿಚಾರಿಸಿದರು. ಭಾವ ಗಂಭೀರವಾಗಿ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟಕ್ಕೇ ನಿಂತಿದ್ದರೆ ಪುಣ್ಯ. ಆಕೆಯ ಅಪ್ಪ ಅಂಕಣದಲ್ಲಿ ಕರವಸ್ತ್ರ ಹಾಸಿ, ಚೆಂಡು ಅದರ ಮೇಲೇ ಬೀಳಬೇಕೆಂದು ಅಭ್ಯಾಸ ಮಾಡಿಸುತ್ತಿದ್ದನಂತೆ. ಭಾವ ಹನ್ನೆರಡು ವರ್ಷದ ಮಗಳನ್ನು ಪಾರ್ಕಿನ ಕೋರ್ಟಿಗೆ ಕರೆದೊಯ್ದು ಕರವಸ್ತ್ರ ಹಾಸಿದರು. ಹೇಗೆ ಹೊಡೆಯಬೇಕೆಂದು ತೋರಿಸಲು ತಾವೇ ಮೊದಲು ಹೊಡೆದರು. ಚೆಂಡು ಬೇಲಿ ಹಾರಿ, ಬೆಂಚಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅಜ್ಜನ ಕಾಫಿಗೆ ಬಿತ್ತು. ಕ್ಷಮೆ ಕೇಳಲು ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಪಾಪ, ಅಜ್ಜನಿಗೂ ಫ್ರೆಂಚ್ ಆಟಗಾರ್ತಿಯ ಪೂರ್ತಿ ಕಥೆ. ಮಗಳು ಮಾತ್ರ ಒಬ್ಬಳೇ ಗೋಡೆಗೆ ಚೆಂಡು ಹೊಡೆಯುತ್ತ ಆಟ ಕಲಿತುಬಿಟ್ಟಳು.

ಕಳೆದ ತಿಂಗಳು ನಾನು ಸಿಡ್ನಿಗೆ ಹೋದಾಗ ಶನಿವಾರ ಅವಳ ಮೊದಲ ಮ್ಯಾಚು. ಇಡೀ ದಾರಿ ಭಾವನ ಉಪನ್ಯಾಸ ಕೇಳಿ ನನ್ನ ತಲೆ ಸಿಡಿಯುತ್ತಿತ್ತು. ಹುಡುಗಿ ಚೆನ್ನಾಗಿಯೇ ಆಡಿದಳು. ಮೊದಲ ಸೆಟ್ ಗೆದ್ದಳು. ಎರಡನೆಯದರ ಮಧ್ಯೆ ನಿಂತು, ಮೊಣಕಾಲಿಗೆ ಕೈಯೂರಿ ಬಗ್ಗಿದಳು. ಉಬ್ಬಸ, ಅವಳಿಗೆ ಚಿಕ್ಕಂದಿನಿಂದಲೂ ಇದ್ದದ್ದು. ಸ್ವಲ್ಪ ಹೊತ್ತು ಕಾದು, ನೆಟ್ ಬಳಿ ಹೋಗಿ ಎದುರಾಳಿಗೆ ಕೈ ಕೊಟ್ಟು ಹೊರಬಂದಳು. ಪಕ್ಕದಲ್ಲಿ ಯಾರೋ, ಸೋಲುತ್ತೇನೆಂದು ಬಿಟ್ಟಳು ಎಂದದ್ದು ಅವಳಿಗೂ ಕೇಳಿಸಿತು.

ಭಾವ ಉಬ್ಬಸದ ಔಷಧಿ ಎಳೆದುಕೊಳ್ಳುವ ಪಫರ್ ಕೊಟ್ಟು ಬೆನ್ನು ಸವರಿದರು. ಉಸಿರು ಹಿಡಿತಕ್ಕೆ ಬಂದ ಮೇಲೆ ಮಗಳು ತಲೆಯೆತ್ತದೆ ಕೇಳಿದಳು, "ಡಿಡ್ ಶಿ ಎವರ್ ಕ್ವಿಟ್, ಅಪ್ಪಾ?"

"ಒಂದ್ ಸಲ," ಎಂದರು ಭಾವ. "ಆಟದ ನಡುವ. ಕೆಮ್ಮಿ ಕೆಮ್ಮಿ ಉಸಿರ ಸಿಗಲಿಲ್ಲ ಆಕಿಗೆ. ಮಂದಿ ಆಡ್ಕೊಂಡ್ರು."

"ದೆನ್?"

"ಮತ್ತ ಆಡಿದ್ಲವ್ವಾ."

ನಾಲ್ಕು ವರ್ಷದಲ್ಲಿ ಆಕೆ ಅರ್ಧಕ್ಕೆ ಬಿಟ್ಟ ಈ ಆಟದ ಸುದ್ದಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆಕೆಗೆ ಬಾಲ್ಯದಿಂದಲೇ ಉಬ್ಬಸವಿತ್ತು, ಗಟ್ಟಿಯಾಗಲಿ ಎಂದೇ ಅಪ್ಪ ಕೈಗೆ ರಾಕೆಟ್ ಕೊಟ್ಟ ಎಂಬುದನ್ನು ನೂರು ಸಲ ಕೇಳಿದ್ದೆ. ಕೇಳಿಯೂ ಕಿವುಡನಾಗಿದ್ದೆ.

"ಟೆಲ್ ಮಿ ದ ಹೋಲ್ ಥಿಂಗ್," ಎಂದಳು ಹುಡುಗಿ. ಭಾವ ಬಗ್ಗಿ ಅವಳ ಶೂಸಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದರು. ಕೊನೆಗೆ ನಾನೇ ಅವಳ ಪಕ್ಕ ಹುಲ್ಲಿನ ಮೇಲೆ ಕೂತು ಶುರುಮಾಡಿದೆ: ಫ್ರಾನ್ಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಅವಳಿಗೂ ನಿನ್ನ ಹಾಗೆಯೇ ಉಸಿರು ಕಟ್ಟುತ್ತಿತ್ತು. ಭಾವ ತಲೆ ತಗ್ಗಿಸಿಕೊಂಡು, ಮೊದಲ ಬಾರಿ ಕೇಳುವವರಂತೆ ಕೇಳಿದರು.